ಅಣ್ಣನ ಪಂಪು, ನನ್ನ ಪುಸ್ತಿಕೆ

ಬದನವಾಳು ಎಂದೊಡನೆ ಪತ್ರಿಕೆ ಓದುವವರಿಗೆ ನೆನಪಾಗುವುದು ಖಾದಿ. ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ನಮ್ಮೂರಿನದು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಅಲ್ಲಿ ಸತ್ಯಾಗ್ರಹ ನಡೆಸಿದಾಗ ನಾನೂ ಮೈಸೂರಿನಿಂದ ಹೋಗಿ ಕುಳಿತು, ಯಂತ್ರಗಳ ಹಾವಳಿಯ ಮಾತಿಗೆಲ್ಲ ತಲೆದೂಗಿ ಬಂದವನು. ಅಂಥ ನಾನೇ ಕೆಲವು ವರ್ಷಗಳ ತರುವಾಯ ಅದೇ ಊರಿಗೆ ಒಂದು ಪೆಟ್ರೋಲ್ ಎಂಜಿನ್ನಿನ ಪಂಪನ್ನು ಹೊತ್ತುಕೊಂಡು ಹೋದೆನೆಂದರೆ ನಗಬೇಡಿ. ಹೊಲದ ಮೂಲೆಯ ಕೃಷಿಹೊಂಡದಲ್ಲಿ ಮಳೆಯ ನೀರು ನಿಂತಿರುತ್ತದೆ. ಅದನ್ನು ರಾಗಿಯ ಬುಡಕ್ಕೆ ಎತ್ತಿಕೊಡಲು ಅಲ್ಲಿ ಕರೆಂಟಿಲ್ಲ. ಅಣ್ಣನೇನೂ ಕೇಳಿರಲಿಲ್ಲ. ಊರು ಬಿಟ್ಟು ತಿಂಗಳ ಸಂಬಳ ಎಣಿಸುವ ತಮ್ಮನಿಗೆ ಏನಾದರೂ ಕೊಟ್ಟು ಹಗುರಾಗಬೇಕಾಗಿತ್ತು, ಅಷ್ಟೆ.

ಈ ಪಂಪಿಗೆ ವರ್ಷದಲ್ಲಿ ನಾಲ್ಕೈದು ದಿನದ ಕೆಲಸ. ಮಿಕ್ಕ ಕಾಲವೆಲ್ಲ ಕೊಟ್ಟಿಗೆಯಲ್ಲಿ, ಗೊಬ್ಬರದ ಚೀಲದ ಪಕ್ಕದಲ್ಲಿ, ಕುಂಭಕರ್ಣನ ನಿದ್ದೆ. ಕಳೆದ ವರ್ಷ ರಾಗಿ ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ಮಳೆ ಕೈಕೊಟ್ಟಿತು. ಹೊಂಡದಲ್ಲಿ ನೀರಿತ್ತು, ಕುಂಭಕರ್ಣ ಏಳಲಿಲ್ಲ.

“ಹಗ್ಗ ಎಳ್ದೂ ಎಳ್ದೂ ರಟ್ಟೆ ಬಿದ್ದೋಯ್ತು ಕಣಪ್ಪ” ಎಂದು ಅಣ್ಣ ಫೋನು ಮಾಡಿದ.

“ಪೆಟ್ರೋಲ್ ಇದೆಯೇನಣ್ಣ?”

“ಓದ್ ವರ್ಸದ್ದೇ ಅಂಗೇ ಅದೆ.”

ಸದ್ಯ, ಪೆಟ್ರೋಲಿದೆಯಲ್ಲ ಎಂದು ನಾನು ನೆಮ್ಮದಿಪಟ್ಟೆ! ರೋಗವೇ ಅದೆಂದು ತಿಳಿದದ್ದು ಐದು ದಿನದ ಮೇಲೆ, ಭಾನುವಾರ ನಂಜನಗೂಡಿನಿಂದ ಒಬ್ಬ ಮೆಕ್ಯಾನಿಕ್ ಹುಡುಗನನ್ನು ಕರೆದುಕೊಂಡು ಊರಿಗೆ ಹೋದಾಗ. ಹುಡುಗ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. “ಇದು ಪೆಟ್ರೋಲಲ್ಲ ಸಾರ್, ವಾರ್ನಿಷ್ಷು” ಎಂದ. ಆಮೇಲೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಬೆರಳಿಂದ ಮುಟ್ಟಿ ನೋಡಿದ. ಹಗ್ಗ ಎಳೆದ ಮೇಲೂ ಪ್ಲಗ್ಗು ಒಣಗಿದ್ದರೆ ಒಳಕ್ಕೆ ಪೆಟ್ರೋಲು ಹೋಗುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಹೋಗಿದೆ, ಕಿಡಿ ಹೊತ್ತಿಲ್ಲ. ಇಷ್ಟು ಸರಳವಾದ ನಾಡಿಪರೀಕ್ಷೆ! ನಮ್ಮದು ಒಣಗಿತ್ತು. ಕಾರ್ಬುರೇಟರನ್ನು ಬಿಚ್ಚಿದರೆ ಬಟ್ಟಲಿನ ತಳದಲ್ಲಿ ಹಳದಿ ಅಂಟು. ಪೆಟ್ರೋಲು ಹೋಗಬೇಕಾದ, ಕೂದಲೆಳೆಯಷ್ಟು ಸಣ್ಣ ತೂತು ಮುಚ್ಚಿಹೋಗಿತ್ತು. ಪೆಟ್ರೋಲಿನ ಹಗುರ ಅಂಶ ತಿಂಗಳುಗಟ್ಟಲೆ ಆವಿಯಾಗುತ್ತ ಹೋದರೆ ಉಳಿಯುವುದು ಈ ಅಂಟು. ಸಾಲದ್ದಕ್ಕೆ ಈಗಿನ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆತಿರುತ್ತದೆ; ಅದು ಗಾಳಿಯ ತೇವವನ್ನು ಹೀರುತ್ತದೆ.

ತೂತು ಬಿಡಿಸಿ, ಹೊಸ ಪೆಟ್ರೋಲು ಹೊಯ್ದು ಎಳೆದರೂ ಮಹಾರಾಯ ಏಳಲಿಲ್ಲ. ಈಗ ಪ್ಲಗ್ಗು ಒದ್ದೆ. ಹುಡುಗ ಎಂಜಿನ್ನನ್ನೇ ನೋಡುತ್ತ ಒಂದು ನಿಮಿಷ ನಿಂತ. ಅದು ಹೊಂಡದ ಏರಿಯ ಇಳಿಜಾರಿನಲ್ಲಿ ವಾಲಿ ಕುಳಿತಿತ್ತು. ಎಣ್ಣೆ ಕಡಿಮೆಯಾದರೆ ಕಿಡಿಯನ್ನೇ ತಡೆಯುವ ಒಂದು ಕಾವಲುಗಾರ ಅದರ ಹೊಟ್ಟೆಯಲ್ಲಿದೆಯಂತೆ. ವಾಲಿಸಿ ಇಟ್ಟರೆ ಎಣ್ಣೆ ಒಂದು ಮಗ್ಗುಲಿಗೆ ಸರಿದು, ಕಾವಲುಗಾರನಿಗೆ ಎಣ್ಣೆಯೇ ಇಲ್ಲವೆಂದು ತೋರುತ್ತದಂತೆ. ಸಮನೆಲಕ್ಕೆ ಎತ್ತಿಟ್ಟು, ಪಂಪಿನ ಹೊಟ್ಟೆಗೆ ನೀರು ತುಂಬಿಸಿ ಎಳೆದ. ಎರಡನೆಯ ಎಳೆತಕ್ಕೆ ಗುಡುಗಿತು.

ನೀರು ಹಾಯಿತು. ಆದರೆ ಮೇಲಿನ ಕಟ್ಟಿನ ರಾಗಿ ಅಷ್ಟರಲ್ಲಿ ಜೊಳ್ಳಾಗಿತ್ತು. ಅಣ್ಣ ಒಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಕೈ ಒರೆಸಿಕೊಂಡ. ನನ್ನನ್ನು ಏನೂ ಅನ್ನಲಿಲ್ಲ.

ಖಾದಿ ಕೇಂದ್ರದ ಹೆಂಗಸರನ್ನು ನೋಡಿದ್ದೇನೆ. ಎಳೆ ಹರಿದರೆ ಕಣ್ಣಿಗೇ ಕಾಣುತ್ತದೆ. ಕೈ ತಾನಾಗಿ ಹೋಗಿ ಜೋಡಿಸುತ್ತದೆ. ಎಂಜಿನ್ನಿಗೆ ಹಾಗೆ ಮೈಯೆಲ್ಲ ಬಾಯಿಲ್ಲ. ಅದರ ಮಾತನ್ನು ಯಾರಾದರೂ ಹೇಳಿಕೊಡಬೇಕು. ಹೇಳಿಕೊಡಲೆಂದೇ ಪಂಪಿನ ಜೊತೆಗೆ ಒಂದು ಪುಸ್ತಿಕೆ ಬಂದಿತ್ತು. ಇಂಗ್ಲಿಷಿನಲ್ಲಿದೆ, ಅಣ್ಣನಿಗೇಕೆ ಎಂದು ನಾನೇ ಅದನ್ನು ಮೈಸೂರಿಗೆ ತಂದು ಕಪಾಟಿನಲ್ಲಿ ಇಟ್ಟಿದ್ದೆ, ಹಳಗನ್ನಡದ ನಿಘಂಟಿನ ಪಕ್ಕದಲ್ಲಿ. ಕನ್ನಡ ಹೇಳಿಕೊಟ್ಟು ಹೊಟ್ಟೆ ಹೊರೆಯುವವನ ಮನೆಯಲ್ಲಿ!

ಅಂದು ರಾತ್ರಿ ಅದನ್ನು ಕನ್ನಡದಲ್ಲಿ ಬರೆಯಲು ಕುಳಿತೆ. ‘ಇಂಧನವನ್ನು ಬರಿದುಗೊಳಿಸತಕ್ಕದ್ದು’ ಎಂದು ಮೊದಲ ವಾಕ್ಯ. ಫೋನಿನಲ್ಲಿ ಓದಿದೆ. “ಇದೇನು ಕೋರ್ಟಿನ ನೋಟೀಸಾ?” ಎಂದು ಅಣ್ಣ ನಕ್ಕ. ಹರಿದುಹಾಕಿ ಮತ್ತೆ ಬರೆದೆ: ಕಡೆಯ ದಿನ ಪೆಟ್ರೋಲಿನ ತಿರುಪು ಮುಚ್ಚು, ಎಂಜಿನ್ನು ತಾನಾಗಿ ನಿಲ್ಲುವವರೆಗೂ ಓಡಿಸು. ಟ್ಯಾಂಕು ಬಗ್ಗಿಸಿ ಖಾಲಿ ಮಾಡು. ಬಿಸಿ ಇರುವಾಗಲೇ ಹಳೆಯ ಎಣ್ಣೆ ಇಳಿಸಿ ಹೊಸದು ಹಾಕು. ಪಂಪಿನಲ್ಲಿ ನೀರು ಉಳಿಸಬೇಡ. ಪ್ಲಗ್ಗು ಬಿಚ್ಚಿ ಆ ತೂತಿಗೆ ಒಂದು ಚಮಚ ಎಣ್ಣೆ ಬಿಡು, ಎರಡು ಸಲ ಹಗ್ಗ ಎಳೆದು ಮತ್ತೆ ಪ್ಲಗ್ಗು ಹಾಕು. ಗೊಬ್ಬರದ ಚೀಲದಿಂದ ದೂರ, ಹಲಗೆಯ ಮೇಲೆ ಇಡು. ಗೊಬ್ಬರದ ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕು, ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ. ಓಡಿಸುವ ಮುಂಚೆ ತೆಗೆಯಲು ಮರೆಯಬೇಡ. ಎಲ್ಲ ಆದಮೇಲೆ ಹಗ್ಗವನ್ನು ಮೆಲ್ಲಗೆ ಎಳೆ, ಬಿಗಿಯಾದ ಕಡೆ ಬಿಟ್ಟುಬಿಡು. ಒಳಗಿನ ಬಾಗಿಲುಗಳು ಮುಚ್ಚಿಕೊಂಡಿರುತ್ತವೆ, ತೇವ ಒಳಗೆ ಹೋಗುವುದಿಲ್ಲ.

ಹಾಳೆಯನ್ನು ಕೊಟ್ಟಿಗೆಯ ಬಾಗಿಲ ಹಿಂದೆ ಅಂಟಿಸಿದ್ದಾನೆ. ಕೊಯ್ಲು ಮುಗಿದ ಸಂಜೆ ಅಣ್ಣನ ಫೋನು ಬಂತು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ.

“ಬಟ್ಟೆ ತುರುಕಿವ್ನಿ” ಎಂದ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಹಗ್ಗ ಸುತ್ತಿಕೊಳ್ಳುವ ಸದ್ದು.

“ಬಿಗಿಯಾಯ್ತು ಕಣಪ್ಪ. ಬಿಟ್ಟೆ.”