ಹುಣ್ಣಿಮೆ ಊಟ

29 ಅಕ್ಟೋಬರ್ 2023, ರವಿವಾರ, ಅಣ್ಣಿಗೇರಿ

ನಿನ್ನೆ ಶೀಗಿ ಹುಣ್ಣಿಮೆ. ನಾವು ಐದು ಮನೆಯ ಹೆಂಗಸರು, ಅಂದರೆ ವೈನಿ, ಕಾಕು, ಕಡೀಮನಿ ಅಕ್ಕ, ನವಲಗುಂದದ ಗೆಳತಿ, ನಾನು, ಹುಣ್ಣಿಮೆಗೊಮ್ಮೆ ಬೆಳದಿಂಗಳ ಊಟ ಮಾಡುವುದು, ನಮ್ಮ ಮಾಳಿಗೆ ಮೇಲೆ ಶುರು ಮಾಡುವುದು ಎಂದು ಮಾತಾಗಿತ್ತು. ಗ್ರಹಣ ಬಂತು. ಹಿಡಿದದ್ದು ನಡುರಾತ್ರಿ ಒಂದು ಗಂಟೆ ದಾಟಿದ ಮೇಲೆ, ಆದರೆ ವೇಧೆ ಎಂದು ಸಂಜೆಗೇ ಎಲ್ಲರ ಒಲೆ ಆರಿದ್ದವು. ಗೌರಿ ಹುಣ್ಣಿಮೆಗೆ ನೋಡೋಣ ಎಂದರು ವೈನಿ.

"ಇಂಥಾ ವರ್ಷದಾಗ ಇದೇನ ಊಟದ ಹುಚ್ಚು?" ಎಂದು ಮನೆಯವರು ಕೇಳಿದರು. ಮುಂಗಾರು ಕೈಕೊಟ್ಟಿದೆ, ಹೆಸರುಕಾಳು ಕೈಗೆ ಹತ್ತಲಿಲ್ಲ. ಸೆಪ್ಟೆಂಬರಿನಲ್ಲೇ ಸರಕಾರ ರಾಜ್ಯದ 195 ತಾಲ್ಲೂಕುಗಳಲ್ಲಿ ಬರ ಎಂದು ಸಾರಿತು. ನನಗನ್ನಿಸುವುದು, ಇಂಥ ವರ್ಷಕ್ಕೇ ಇದು ಬೇಕು. ಬೆಳೆ ಬಂದ ವರ್ಷ ಕುಬಸ, ಜವಳ, ಗೃಹಪ್ರವೇಶ ಎಂದು ಕೂಡಲು ನೂರು ನೆವ. ಬರಗಾಲದಲ್ಲಿ ಎಲ್ಲರೂ ಬಾಗಿಲು ಮುಂದಕ್ಕೆ ಹಾಕಿಕೊಂಡು ಒಳಗೇ ಕೂಡುತ್ತಾರೆ.

19 ನವೆಂಬರ್, ರವಿವಾರ

ಇವತ್ತು ಕೂತು ಮಾತಾಡಿದೆವು. ವೈನಿ ಒಂದು ಮಾತು ತೆಗೆದರು: "ಗೃಹಲಕ್ಷ್ಮಿ ರೊಕ್ಕದಾಗ ತಿಂಗಳಾ ನೂರ್ನೂರು ರೂಪಾಯಿ ಹಾಕೂಣು, ಪನೀರು, ಜಾಮೂನು ತರಸೂಣು." ನಾನು ಒಪ್ಪಲಿಲ್ಲ. ಸರಕಾರ ತಿಂಗಳಿಗೆ ಕೊಡುವ ಆ ಎರಡು ಸಾವಿರ ಕಡೀಮನಿ ಅಕ್ಕನಿಗೆ ಬಂದ ದಿನವೇ ಸಂಘದ ಕಂತಿಗೆ ಹೋಗುತ್ತದೆ. ಆಕೆ ನೂರು ರೂಪಾಯಿ ಕೊಟ್ಟಾಳು, ಆದರೆ ಮೂರನೇ ತಿಂಗಳಿಗೆ ಏನೋ ನೆವ ಹೇಳಿ ಬರುವುದನ್ನೇ ಬಿಟ್ಟಾಳು. ಮನೆಯಲ್ಲಿ ಇದ್ದದ್ದನ್ನೇ ಬುತ್ತಿ ಕಟ್ಟಿ ತರುವುದು, ಪೇಟೆಯಿಂದ ಏನೂ ಕೊಳ್ಳಬಾರದು ಎಂದಾಯಿತು.

ರೊಟ್ಟಿಯ ಮಾತಿಗೇ ಹೆಚ್ಚು ಹೊತ್ತು ಹಿಡಿಯಿತು. ಬಿಸಿರೊಟ್ಟಿ ಆಗಬೇಕೆಂದರೆ ಒಬ್ಬಳು ಹಂಚಿನ ಮುಂದೆ ಕೂಡಲೇಬೇಕು. ಎಲ್ಲರ ತಾಟಿಗೆ ಹಾಕಿ ಮುಗಿಯುವಷ್ಟರಲ್ಲಿ ಪಲ್ಲೆ ತಳ ಕಂಡಿರುತ್ತದೆ, ಅವಳ ಹಸಿವೂ ಸತ್ತಿರುತ್ತದೆ. ಕಾಕು ಅಂದರು, "ನಾ ಲಗ್ನಾಗಿ ಬಂದ ಮ್ಯಾಲೆ ಎಲ್ಲಾರ ಜೋಡಿ ಕುಂತ ಉಂಡದ್ದು ನೆನಪಿಲ್ಲ ನೋಡವಾ." ಹಾಗಾಗಿ ಕಟಕರೊಟ್ಟಿಯೇ ಸರಿ ಎಂದೆವು. ಎರಡು ದಿನ ಮೊದಲೇ ಬಡಿದಿಟ್ಟರೆ ಊಟದ ಹೊತ್ತಿಗೆ ಒಲೆಯ ಗೊಡವೆಯೇ ಇಲ್ಲ.

25 ನವೆಂಬರ್, ಶನಿವಾರ

ಕಾಕು ನಮ್ಮ ಮನೆಗೇ ಬಂದು ರೊಟ್ಟಿ ಬಡಿದರು. ಬಿಳಿಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ, ಜಿಗಿ ಬರುವ ತನಕ ನಾದಿದರು. ಅಂಗೈ ಹೊಡೆತಕ್ಕೇ ರೊಟ್ಟಿ ತಿರುಗುತ್ತ ತಿರುಗುತ್ತ ಹಿಗ್ಗುತ್ತದೆ, ಬೆರಳಿನಿಂದ ತಿರುಗಿಸುವುದೇ ಇಲ್ಲ. ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಆ ನೀರು ಆರುತ್ತಿದ್ದಂತೆ ಹೊರಳಿಸಿದರು. ಬೆಂದ ಮೇಲೆ ಒಲೆಯ ಬದಿಗೆ ಆನಿಸಿ ನಿಲ್ಲಿಸುವುದು; ತೇವ ಉಳಿದರೆ ಬೂಸು ಹಿಡಿಯುತ್ತದೆ. ನಾನು ಬಡಿದವು ನಡುವೆ ದಪ್ಪ, ಅಂಚಿಗೆ ತೆಳುವು. ಅವನ್ನೂ ತಮ್ಮ ರೊಟ್ಟಿಯ ಬುಟ್ಟಿಯಲ್ಲೇ ಇಟ್ಟರು.

27 ನವೆಂಬರ್, ಸೋಮವಾರ, ಗೌರಿ ಹುಣ್ಣಿಮೆ

ನವಲಗುಂದದ ಗೆಳತಿ ಸಂಜೆ ಬಸ್ಸಿಗೆ ಬಂದಳು. ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ರೊಕ್ಕವಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಅದಿಲ್ಲದಿದ್ದರೆ ತಿಂಗಳಿಗೊಮ್ಮೆ ಬರುವುದು ಅವಳಿಗೆ ಆಗುತ್ತಿರಲಿಲ್ಲ. ಜಮಖಾನ ನೇಯುವ ಮನೆಯ ಮಗಳು. ಅವ್ವ ನೇಯ್ದದ್ದನ್ನು ಮಡಚಿ ಬಗಲಲ್ಲಿ ಹಿಡಿದು ತಂದು ಮಾಳಿಗೆ ಮೇಲೆ ಹಾಸಿದಳು. ನವಲಗುಂದದ ಜಮಖಾನಕ್ಕೆ ದೊಡ್ಡ ಹೆಸರಿದೆ; ಮಗ್ಗದ ಮುಂದೆ ಕೂತು ನೇಯುವವರು ಹೆಂಗಸರು.

ಬದನೆಕಾಯಿ ಎಣ್ಣೆಗಾಯಿ, ಝುಣಕದ ವಡಿ, ಪುಂಡಿಪಲ್ಲೆ, ಗುರೆಳ್ಳ ಹಿಂಡಿ, ರಂಜಕ, ಗಡಿಗೆ ಮೊಸರು, ಹಸಿ ಉಳ್ಳಾಗಡ್ಡಿ. ಪುಂಡಿಪಲ್ಲೆಗೆ ಗೆಳತಿ ಬೆಳ್ಳುಳ್ಳಿ ಒಗ್ಗರಣೆ ಕೈಬಿಚ್ಚಿ ಹಾಕಿದ್ದಳು. ಗಂಡಸರ ಬುತ್ತಿ ಕೆಳಗೇ ಇಟ್ಟಿದ್ದೆವು, ತಾವೇ ಬಡಿಸಿಕೊಂಡರು. ಕಾಕು ಎರಡು ಸಲ ಬಡಿಸಲು ಎದ್ದರು. ಮೂರನೇ ಸಲ ವೈನಿ ಸೆರಗು ಹಿಡಿದು ಕೂಡಿಸಿದರು. ಆಮೇಲೆ ಕಾಕು ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸಿ, ಅವಸರವಿಲ್ಲದೆ ಉಂಡರು. ಅಷ್ಟು ಸಾವಕಾಶವಾಗಿ ಅವರು ಉಣ್ಣುವುದನ್ನು ನಾನು ನೋಡಿರಲಿಲ್ಲ. ಇದನ್ನು ನಿಲ್ಲಿಸಬಾರದು.

27 ಡಿಸೆಂಬರ್, ಬುಧವಾರ

ನಿನ್ನೆ ಹೊಸ್ತಿಲ ಹುಣ್ಣಿಮೆ. ಊಟ ಪಾಳಿಯ ಮೇಲೆ ಒಂದೊಂದು ಮನೆಯಲ್ಲಿ; ಈ ಸಲದ ಪಾಳಿ ಕಡೀಮನಿ ಅಕ್ಕನದು. "ನಮ್ಮನ್ಯಾಗ ಏನೈತವಾ, ಮುಂದಿನ ತಿಂಗಳಾ ಮಾಡಿದರಾತು" ಎಂದಳು. ಹೊಲದಲ್ಲಿ ಕಡಲೆ ಐತಲ್ಲ ಎಂದು ವೈನಿ ಮಧ್ಯಾಹ್ನವೇ ಕರೆದುಕೊಂಡು ಹೊರಟರು. ಎರೆ ಭೂಮಿಯಲ್ಲಿ ಹಸಿ ಕಡಿಮೆ, ಗಿಡ ಇನ್ನೂ ಗೇಣುದ್ದ. ಆದರೂ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಪಲ್ಲೆಯೂ ಆಯಿತು, ಗಿಡಕ್ಕೂ ಒಳ್ಳೆಯದು. ಸ್ವಲ್ಪ ಹೊತ್ತಿಗೇ ಬೆರಳೆಲ್ಲ ಹುಳಿ. ಎಲೆಯ ಮೇಲಿನ ಆ ಹುಳಿಯೇ ಕಡಲೆಪಲ್ಲೆಯ ರುಚಿ, ಹುಣಸೆ ಬೇಕಿಲ್ಲ. ಅಕ್ಕ ಅದನ್ನು ಬೇಯಿಸಿ, ಒಂದು ಹಿಡಿ ಜೋಳದ ನುಚ್ಚು ಹಾಕಿ ಮಸೆದು, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಜತೆಗೆ ನುಚ್ಚು, ಮಜ್ಜಿಗೆ. ನಾವು ಉಂಡದ್ದರಲ್ಲಿ ಇದೇ ಮೇಲು. ಗೆಳತಿ ಮೂರು ಸಲ ಹಾಕಿಸಿಕೊಂಡಳು. ಅಕ್ಕನ ದನಿ ಉಣ್ಣುತ್ತ ಉಣ್ಣುತ್ತ ದೊಡ್ಡದಾಯಿತು.

11 ಜನವರಿ 2024, ಗುರುವಾರ

ಎಳ್ಳಮಾಸಿ. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದೆವು. ಬರಕ್ಕೆ ತೆನೆ ಸಣ್ಣವು.

26 ಜನವರಿ, ಶುಕ್ರವಾರ

ನಿನ್ನೆ ಬನದ ಹುಣ್ಣಿಮೆ, ಬಾದಾಮಿ ಬನಶಂಕರಿಯ ತೇರು. ಈ ಸಲ ಬುತ್ತಿ ಬೇಡ ಎಂದು ಎಲ್ಲರೂ ಬಸ್ಸು ಹತ್ತಿದೆವು. ಗುಡಿಯ ಹತ್ತಿರ ಬುಟ್ಟಿ ಹೊತ್ತ ಹೆಂಗಸರು ರೊಟ್ಟಿ, ಕೆಂಪು ಖಾರ, ಕಾಳುಪಲ್ಲೆ, ಕುಡಿಕೆಯಲ್ಲಿ ಕೆನೆಮೊಸರು ಮಾರುತ್ತಾರೆ. ಒಬ್ಬಳ ಹತ್ತಿರ ಕೊಂಡು ಅಲ್ಲೇ ಗಿಡದ ನೆರಳಿಗೆ ಕೂತು ಉಂಡೆವು. ಕಾಕು ಆ ಹೆಣ್ಣುಮಗಳನ್ನು ಕೇಳಿದರು, "ನಿಂದು ಊಟ ಆತೇನವಾ?" ಇಲ್ಲ ಎಂದಳು. ಅವಳದೇ ಬುಟ್ಟಿಯಿಂದ ಇನ್ನೊಂದು ಊಟ ಕೊಂಡು, ಬಾ ಎಂದು ಪಕ್ಕಕ್ಕೆ ಕೂಡಿಸಿಕೊಂಡರು.

ಓಣಿಯ ಮೂವರು ನಮ್ಮನ್ನೂ ಸೇರಿಸಿಕೊಳ್ಳಿ ಎನ್ನುತ್ತಿದ್ದಾರೆ. ಜನ ಹೆಚ್ಚಾದರೆ ಯಾರೋ ಒಬ್ಬರು ಬಡಿಸಲು ನಿಲ್ಲಬೇಕಾಗುತ್ತದೆ, ಅದು ಬೇಡ. ಅವರದೇ ಒಂದು ಗುಂಪು ಕಟ್ಟಿಕೊಳ್ಳಲಿ, ಮೊದಲ ಸಲದ ರೊಟ್ಟಿ ಬಡಿಯಲು ನಾನೂ ಕಾಕುವೂ ಹೋಗುತ್ತೇವೆ ಎಂದು ಹೇಳಿದ್ದೇನೆ. ಭಾರತ ಹುಣ್ಣಿಮೆ ಫೆಬ್ರುವರಿ 24, ಶನಿವಾರ. ಪಾಳಿ ವೈನಿಯದು.