ದನಿಯ ಒಡತಿ

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ ಒಂದು ಮನೆ. ಚಿಂಚೋಳಿ ಎಂದೊಡನೆ ಕಲಬುರಗಿ ಜಿಲ್ಲೆಯ ತಾಲ್ಲೂಕು ಪಟ್ಟಣವನ್ನು ನೆನೆಯುವವರು ಹೆಚ್ಚು. ಇದು ಅದಲ್ಲ, ಬೇರೆಯ ಊರು. ಭಾನುವಾರದ ಸಂಜೆ ಈ ಮನೆಯ ಪಡಸಾಲೆಯಲ್ಲಿ ದೂರದರ್ಶನದ ಪೆಟ್ಟಿಗೆ ಹಳೆಯ ಕನ್ನಡ ಚಿತ್ರವೊಂದನ್ನು ತೋರಿಸುತ್ತಿದೆ. ಮೊಮ್ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಾಳೆ. ಅಜ್ಜಿ ಮಾತ್ರ ಪೆಟ್ಟಿಗೆಗೆ ಬೆನ್ನು ಹಾಕಿ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಾಳೆ. ನಡುವೆ ಆಕೆಯ ಕೈ ತಡೆಯಿತು.

“ಹೋದ ವಾರದ ಸಿನಿಮಾದಾಗ ಇದ್ದಾಕಿನೇ ಅಲ್ಲೇನು ಇಕಿ?”

“ಅಲ್ಲ ಆಯಿ, ಅಕಿ ಬ್ಯಾರೆ, ಇಕಿ ಬ್ಯಾರೆ. ತಿರುಗಿ ನೋಡು.”

“ಮಾರಿ ಬ್ಯಾರೆ ಇರಬಹುದು. ದನಿ ಅದೇ ಅದ.”

ಮೊಮ್ಮಗಳು ನಕ್ಕಳು. ಆದರೆ ಕಣ್ಣಿದ್ದೂ ಮೋಸ ಹೋದವಳು ಮೊಮ್ಮಗಳು. ನೋಡದೆಯೇ ನಿಜವನ್ನು ಹಿಡಿದವಳು ಅಜ್ಜಿ. ಬೆಳ್ಳಿತೆರೆಯ ಮೇಲೆ ತುಟಿ ಅಲುಗಿಸುವ ಚೆಲುವೆ ಒಬ್ಬಳು, ಆ ತುಟಿಗಳಿಗೆ ಮಾತು ಕೊಡುವವಳು ಇನ್ನೊಬ್ಬಳು. ಈ ಕೆಲಸಕ್ಕೆ ಕನ್ನಡದಲ್ಲಿ ‘ಕಂಠದಾನ’ ಎಂಬ ಹೆಸರಿದೆ. ಎಷ್ಟು ಉದಾರವಾದ ಹೆಸರು! ಅಷ್ಟೇ ಅಪಾಯದ ಹೆಸರೂ ಹೌದು. ಕೊಟ್ಟದ್ದನ್ನು ಹೇಳಿಕೊಳ್ಳಬಾರದೆಂಬುದು ದಾನದ ಧರ್ಮವಷ್ಟೆ. ದಾನವೆಂದು ಕರೆದುಬಿಟ್ಟರೆ ಪಡೆದವರು ಮರೆತರೂ ನಡೆಯುತ್ತದೆ.

ಹೀಗೆ ದನಿಯನ್ನು ಕೊಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಶ್ರೀಮತಿ ಬಿ. ಜಯಶ್ರೀಯವರದು. ಮಾಧವಿ, ಗಾಯತ್ರಿ, ಅಂಬಿಕಾ, ಜಯಪ್ರದಾ ಮೊದಲಾದ ನಾಯಕಿಯರು ಕನ್ನಡ ಚಿತ್ರಗಳಲ್ಲಿ ನುಡಿದದ್ದು ಅನೇಕ ಸಲ ಇವರ ಕಂಠದಿಂದ. ಆ ಮುಖಗಳು ಕ್ಯಾಲೆಂಡರುಗಳಲ್ಲಿ ಅಚ್ಚಾಗಿ ಗೋಡೆಗೋಡೆಗೂ ಏರಿದುವು. ದನಿಗೆ ಗೋಡೆ ಎಲ್ಲಿಯದು? ಅದು ಕಿವಿಯಲ್ಲಿ ಉಳಿಯಿತು, ಹೆಸರಿಲ್ಲದೆ.

ಆ ಕಂಠ ಒಂದು ದಿನದಲ್ಲಿ ಪಳಗಿದ್ದಲ್ಲ. ಅದರ ಮೂಲ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾಡಿನ ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು ಜಯಶ್ರೀಯವರ ತಾತ; ವೀರಣ್ಣನವರ ಮಗಳು ಜಿ. ವಿ. ಮಾಲತಮ್ಮನವರು ಇವರ ತಾಯಿ. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿ ಅದು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಬಿ. ವಿ. ಕಾರಂತ ಇವರೆಲ್ಲರೂ ಆ ನೆರಳಿನಲ್ಲಿ ಬೆಳೆದವರೇ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಂಪನಿಯ ನಟನ ಮಾತು ಮುಂದಿನ ಕುರ್ಚಿಯ ಸಾಹುಕಾರನಿಗೆ ಕೇಳಿದಂತೆಯೇ ಹಿಂದಿನ ನೆಲದ ಮೇಲೆ ಕುಳಿತ ಕೂಲಿಕಾರನಿಗೂ ಕೇಳಬೇಕಾಗಿತ್ತು. ಕೂಗಿದರೆ ಭಾವ ಕೆಡುತ್ತದೆ. ಪಿಸುಗುಟ್ಟಿದರೆ ಮಾತು ಸಾಯುತ್ತದೆ. ನಡುವಿನ ದಾರಿಯನ್ನು ಕಂಡುಕೊಂಡವನೇ ನಟ. 1950ರಲ್ಲಿ ಹುಟ್ಟಿದ ಜಯಶ್ರೀಯವರು ಎಳವೆಯಲ್ಲಿಯೇ ಬಣ್ಣ ಹಚ್ಚಿದರು. ಪಾಠದ ಪುಸ್ತಕಕ್ಕಿಂತ ಮೊದಲು ಅವರಿಗೆ ದೊರೆತದ್ದು ಈ ವಿದ್ಯೆ.

ಮುಂದೆ ಅವರು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಇಬ್ರಾಹಿಂ ಅಲ್ಕಾಜಿಯವರು ಅದರ ನಿರ್ದೇಶಕರಾಗಿದ್ದ ಕಾಲ. ತಾತ ವೀರಣ್ಣನವರು ಪದ್ಮಶ್ರೀ ಪಡೆದದ್ದೂ ತೀರಿಕೊಂಡದ್ದೂ 1972ರಲ್ಲಿ. ಮೊಮ್ಮಗಳು ನಾಟಕ ಶಾಲೆಯ ಪದವಿ ಪಡೆದದ್ದು ಮರುವರ್ಷ, 1973ರಲ್ಲಿ. ಒಂದು ಯುಗದ ಪರದೆ ಇಳಿದು ಇನ್ನೊಂದರ ಪರದೆ ಏಳುವ ಹೊತ್ತು ಅದು. ಕಂಪನಿ ನಾಟಕವನ್ನು ಹಳತೆಂದು ಹೊಸಬರು ಮೂಗು ಮುರಿಯುತ್ತಿದ್ದರು. ಹೊಸ ನಾಟಕವನ್ನು ಒಣಗಲೆಂದು ಹಳಬರು ಹಳಿಯುತ್ತಿದ್ದರು. ಜಯಶ್ರೀಯವರು ಎರಡನ್ನೂ ಬಿಡಲಿಲ್ಲ. 1976ರಲ್ಲಿ ‘ಸ್ಪಂದನ’ ತಂಡವನ್ನು ಕಟ್ಟಿ, ‘ಲಕ್ಷಾಪತಿ ರಾಜನ ಕಥೆ’, ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ಮೂಡಿದ ‘ಕರಿಮಾಯಿ’ ಮೊದಲಾದ ನಾಟಕಗಳಲ್ಲಿ ಹಾಡು, ಕುಣಿತ, ಜನಪದದ ಗತ್ತು ಎಲ್ಲವನ್ನೂ ರಂಗಕ್ಕೆ ಮರಳಿ ಕರೆತಂದರು.

ಆದರೆ ರಂಗಭೂಮಿ ಹೊಟ್ಟೆ ತುಂಬಿಸುವುದು ಅಪರೂಪ. ಅದು ಎಲ್ಲ ಕಾಲದ ಮಾತು. ಸಿನಿಮಾದ ಧ್ವನಿಮುದ್ರಣ ಕೊಠಡಿಗಳಲ್ಲಿ ರಂಗದ ಕಂಠಗಳಿಗೆ ಬೇಡಿಕೆಯಿತ್ತು. ಅಲ್ಲಿಯ ಕೆಲಸವನ್ನು ಕಂಡವರು ಅದನ್ನು ಹಗುರವೆನ್ನಲಾರರು. ಕತ್ತಲ ಕೋಣೆ, ಎದುರಿಗೆ ಚಿತ್ರದ ಚಿಕ್ಕ ತುಣುಕು ಮತ್ತೆ ಮತ್ತೆ ಓಡುತ್ತಿರುತ್ತದೆ. ಮಾತು ಆ ತುಟಿಗಳ ಚಲನೆಗೆ ಹೊಂದಬೇಕು. ಪ, ಬ, ಮ ಎಂಬ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕಷ್ಟೆ. ತೆರೆಯ ಮೇಲಿನವಳು ಬಾಯಿ ತೆರೆದಿರುವಾಗ ‘ಅಮ್ಮಾ’ ಎಂದರೆ ನೋಡುವವನಿಗೆ ನಗು ಬರುತ್ತದೆ. ನಟಿಯ ತಾಯಿನುಡಿ ಬೇರೆಯಾಗಿದ್ದರೆ ಕಷ್ಟ ಇಮ್ಮಡಿ. ಬರಿಯ ಮಾತಷ್ಟೇ ಅಲ್ಲ, ಅವಳ ನಿಟ್ಟುಸಿರು, ಬಿಕ್ಕು, ಓಡಿಬಂದ ಏದುಸಿರು ಎಲ್ಲವನ್ನೂ ನಿಂತಲ್ಲಿಯೇ ನಿಂತು ಹುಟ್ಟಿಸಬೇಕು. ರಂಗದ ಮೇಲೆ ಅಳುವವಳಿಗೆ ಕೈಯಿದೆ, ಸೆರಗಿದೆ, ಎದುರಿಗೆ ಜನರಿದ್ದಾರೆ. ಇಲ್ಲಿ ಇರುವುದು ಗಂಟಲು ಒಂದೇ. ಅದೂ ಬೇರೊಬ್ಬರ ಕಣ್ಣೀರಿಗಾಗಿ.

ಎಲ್ಲ ನಾಡುಗಳಲ್ಲಿಯೂ ದನಿ ಹೀಗೆ ಅಡಗಿ ಕುಳಿತಿಲ್ಲ. ಜಪಾನಿನ ಬುನ್ರಾಕು ಎಂಬ ಗೊಂಬೆಯಾಟದಲ್ಲಿ ಎಲ್ಲ ಪಾತ್ರಗಳ ಮಾತನ್ನೂ ಆಡುವ ಕಥನಕಾರ ರಂಗದ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತಿರುತ್ತಾನೆ. ಮೂಕಿಚಿತ್ರಗಳ ಕಾಲದಲ್ಲಿ ಅಲ್ಲಿಯ ಚಿತ್ರಮಂದಿರಗಳಲ್ಲಿ ‘ಬೆನ್ಶಿ’ ಎಂಬ ನಿರೂಪಕರು ನಿಂತು ಮಾತು ಕೊಡುತ್ತಿದ್ದರು. ಅವರಲ್ಲಿ ಕೆಲವರು ತಾರೆಯರಷ್ಟೇ ಹೆಸರಾಗಿದ್ದರು. ಇಂದಿಗೂ ಆ ದೇಶದಲ್ಲಿ ‘ಸೈಯೂ’ ಎಂದು ಕರೆಯಿಸಿಕೊಳ್ಳುವ ಧ್ವನಿನಟರಿಗೆ ತಮ್ಮದೇ ಅಭಿಮಾನಿಗಳಿದ್ದಾರೆ. ಅಷ್ಟು ದೂರ ಏಕೆ? ನಮ್ಮ ಯಕ್ಷಗಾನದ ಭಾಗವತರು ರಂಗದ ಮೇಲೆಯೇ ಕುಳಿತು ಹಾಡುವುದಿಲ್ಲವೆ? ತೊಗಲುಗೊಂಬೆಯ ಆಟಗಾರ ಮಾತ್ರ ಪರದೆಯ ಹಿಂದಿರುತ್ತಾನೆ. ಸಿನಿಮಾ ನಮ್ಮಲ್ಲಿ ಭಾಗವತರ ದಾರಿಯನ್ನು ಬಿಟ್ಟು ತೊಗಲುಗೊಂಬೆಯ ದಾರಿಯನ್ನು ಹಿಡಿಯಿತು.

ಜಯಶ್ರೀಯವರ ಬಾಳಿನ ಸ್ವಾರಸ್ಯವೆಂದರೆ ಅವರು ಪರದೆಯ ಹಿಂದೆಯೇ ಉಳಿಯಲಿಲ್ಲ. ‘ನಾಗಮಂಡಲ’ದಂಥ ಚಿತ್ರಗಳಲ್ಲಿ ತಮ್ಮ ಮುಖದೊಡನೆಯೇ ತಮ್ಮ ದನಿಯನ್ನು ತಂದರು. 2001ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದಲ್ಲಿ ಅವರು ಹಾಡಿದ ಕಾರಿನ ಹಾಡು ಮದುವೆಮನೆಗಳನ್ನೂ ಶಾಲೆಯ ವಾರ್ಷಿಕೋತ್ಸವಗಳನ್ನೂ ಹೊಕ್ಕಿತು. ಜಾತ್ರೆಯ ಬಯಲಿನಲ್ಲಿ ನಿಂತು ಹಾಡಿದಂತಿದ್ದ ಆ ತುಂಬುಕಂಠವನ್ನು ಕೇಳಿ, ಯಾರದು ಇದು ಎಂದು ಹೊಸ ತಲೆಮಾರು ಕೇಳಿತು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ತಾತನಿಗೆ ಸಂದಂತೆಯೇ ಪದ್ಮಶ್ರೀ. ತಮ್ಮ ಆತ್ಮಕಥನಕ್ಕೆ ಅವರು ಇಟ್ಟ ಹೆಸರು ‘ಕಣ್ಣಾಮುಚ್ಚೇ ಕಾಡೇ ಗೂಡೇ’. ಮಕ್ಕಳು ಅಡಗಿ ಆಡುವ ಆಟದ ಮಾತು. ಅಷ್ಟು ವರ್ಷ ಅನ್ಯರ ಮುಖಗಳ ಹಿಂದೆ ಅಡಗಿದ್ದವರಿಗೆ ಇದಕ್ಕಿಂತ ಒಪ್ಪುವ ಹೆಸರುಂಟೆ?

ಖಟಕ ಚಿಂಚೋಳಿಯ ಸೀಮೆಗೆ ಈ ಕಣ್ಣಾಮುಚ್ಚಾಲೆ ಹೊಸದಲ್ಲ. 1956ರವರೆಗೂ ಬೀದರ ಹೈದರಾಬಾದು ಪ್ರಾಂತಕ್ಕೆ ಸೇರಿತ್ತು. ನಿಜಾಮರ ಆಡಳಿತದಲ್ಲಿ ಕಚೇರಿಯ ನುಡಿ, ಶಾಲೆಯ ನುಡಿ ಉರ್ದು. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂದು ಆ ಭಾಗದ ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಮುಖ ಒಂದು, ದನಿ ಇನ್ನೊಂದು. ಅಂದು ಉಳಿದುಬಂದದ್ದು ಫಲಕವಲ್ಲ, ಒಳಗಿನ ದನಿ. ಅದನ್ನು ಉಳಿಸಿದವರ ಹೆಸರನ್ನು ಆ ಸೀಮೆ ಮರೆತಿಲ್ಲ. ಉರ್ದು, ಮರಾಠಿ, ತೆಲುಗುಗಳ ನಡುವೆ ಕನ್ನಡವನ್ನು ಕಿವಿಯಿಂದಲೇ ಕಾಪಾಡಿಕೊಂಡು ಬಂದ ಅಜ್ಜಿಗೆ ದನಿಯ ಗುರುತು ಸಿಕ್ಕದೆ ಇದ್ದೀತೆ?

ಚಿತ್ರ ಮುಗಿಯಿತು. ಮೊಮ್ಮಗಳು ಏಳುವಷ್ಟರಲ್ಲಿ ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು ಹೇಳಿದಳು:

“ಮುಂದಿನ ಸಲ ಸಿನಿಮಾ ಸುರು ಆಗುವಾಗ ಹೆಸರು ಬರ್ತಾವಲ್ಲ, ಅವು ಓದಿ ಹೇಳು. ದನಿ ಯಾರದು ತಿಳೀಬೇಕು.”

ಆ ಸಾಲು ಬಂದರೂ ಬಂದೀತು, ಬಾರದೆಯೂ ಇದ್ದೀತು. ಮೊಮ್ಮಗಳು ಮಾತ್ರ “ಆಗಲಿ ಆಯಿ” ಎಂದಳು.