ಹಳೆಯ ವಾದ್ಯದ ವ್ಯಾಪಾರ

ಅರವತ್ತೊಂದನೆಯ ವಯಸ್ಸಿನಲ್ಲಿ ಮನುಷ್ಯ ಏನನ್ನಾದರೂ ಕೊಳ್ಳಲು ಹೊರಟರೆ ಅದು ಮೂಳೆಗೆ ಬಲ ಕೊಡುವ ಮಾತ್ರೆಯೋ ಕಾಶಿಗೆ ಟಿಕೀಟೋ ಆಗಿರಬೇಕೆಂದು ಜನರ ನಂಬಿಕೆ. ನಾನು ಬೇಸ್ ಗಿಟಾರು ಕೊಳ್ಳುತ್ತೇನೆಂದಾಗ ನನ್ನ ಹೆಂಡತಿ ಕಾಫಿ ಸೋಸುವುದನ್ನು ನಿಲ್ಲಿಸಿ "ಯಾರಿಗೆ?" ಎಂದಳು.

"ನನಗೇ."

"ಹೊಸದೋ?"

"ಅಲ್ಲ, ಹಳೆಯದು."

"ಎಷ್ಟಾಗುತ್ತೆ?"

ಹೇಳಿದೆ. ಅವಳು ಮತ್ತೆ ಕಾಫಿ ಸೋಸತೊಡಗಿದಳು. ಮೌನಕ್ಕೆ ನಮ್ಮ ಮನೆಯಲ್ಲಿ ಹಲವು ಅರ್ಥಗಳುಂಟು. ಸಮ್ಮತಿ ಎಂಬುದು ಅವುಗಳಲ್ಲಿ ಕಟ್ಟಕಡೆಯದು.

ಬೇಸ್ ಗಿಟಾರನ್ನು ನೋಡಿದವರು ಬಹಳ, ಕಿವಿಗೊಟ್ಟು ಕೇಳಿದವರು ಕಡಮೆ. ಹಾಡಿನಲ್ಲಿ ಅದು ಇದ್ದಾಗ ನಮಗೆ ತಿಳಿಯುವುದೇ ಇಲ್ಲ. ಇಲ್ಲದಾಗ ಮಾತ್ರ ಏಕೋ ಸಪ್ಪೆಯಾಯಿತೆನಿಸುತ್ತದೆ, ಉಪ್ಪು ಮರೆತ ಸಾರಿನ ಹಾಗೆ. ನಾಲ್ಕು ದಪ್ಪ ತಂತಿಗಳು. ಅತಿ ಮಂದ್ರದ್ದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಒಂದು ತಂತಿಗೂ ಮುಂದಿನದಕ್ಕೂ ನಮ್ಮ ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವಷ್ಟು ಅಂತರ. ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳಿಸುವ ನಾದ ಅದು. 1983ರಲ್ಲಿ ಕಾಲೇಜಿನ ವಾರ್ಷಿಕೋತ್ಸವದ ದಿನ, ಎರವಲು ತಂದ ಇಂಥದೊಂದು ವಾದ್ಯವನ್ನು ನಾನು ಇಪ್ಪತ್ತು ನಿಮಿಷ ನುಡಿಸಿದ್ದೆ. ಸಭಿಕರಿಗೆ ಕೇಳಿಸಿತೋ ಇಲ್ಲವೋ, ನನ್ನ ಎದೆಗೂಡಿಗೆ ಕೇಳಿಸಿತ್ತು. ಆಮೇಲೆ ಉದ್ಯೋಗ, ವರ್ಗ, ಮಕ್ಕಳ ಫೀಸು. ನಿವೃತ್ತಿಯ ಹಣ ಕೈಗೆ ಬಂದ ದಿನ ಆ ಇಪ್ಪತ್ತು ನಿಮಿಷ ನೆನಪಾಯಿತು.

ಹೊಸದನ್ನೇ ಕೊಳ್ಳಬಾರದೇ ಎಂದು ಕೇಳುವವರಿಗಾಗಿ ಸ್ವಲ್ಪ ಪೂರ್ವಕಥೆ ಹೇಳಬೇಕು. ಈ ವಾದ್ಯವನ್ನು ಜನಪ್ರಿಯಗೊಳಿಸಿದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಗಿಟಾರಿನಿಂದ ಹೆಸರು ಮಾಡಿದರೂ ಅದನ್ನು ನುಡಿಸಲು ಆತನಿಗೆ ಬಾರದು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವವರ ಪಾಡು ನೋಡಿ, 34 ಅಂಗುಲದ ತಂತಿ, ಹಲಗೆಯಂಥ ಒಡಲು ಇಟ್ಟು, ಸ್ವರ ತಪ್ಪದಂತೆ ಮೆಟ್ಟಿಲುಗಳನ್ನು ಕೂರಿಸಿ, 1951ರಲ್ಲಿ ಪ್ರಿಸಿಷನ್ ಬೇಸನ್ನು ಹೊರತಂದ. ಬೆರಳು ನಿಖರವಾಗಿ ಸ್ವರದ ಮೇಲೆಯೇ ಬೀಳುತ್ತದೆಂದು ಆ ಹೆಸರು. 1960ರಲ್ಲಿ ಕತ್ತು ಇನ್ನೂ ಸಣ್ಣದಾದ ಜಾಜ್ ಬೇಸ್ ಬಂತು. 1965ರಲ್ಲಿ ಕಂಪೆನಿಯನ್ನು ಸಿ.ಬಿ.ಎಸ್. ಪ್ರಸಾರ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದ. ಅಂದಿನಿಂದ ರಸಿಕರ ಲೋಕದಲ್ಲಿ ಕಾಲ ಎರಡಾಗಿ ಸೀಳಿಹೋಯಿತು. ಆ ವರ್ಷದ ಹಿಂದಿನದಕ್ಕೆ ಇಂದು ಒಂದು ಒಳ್ಳೆಯ ಕಾರಿನ ಬೆಲೆ. 1970ರ ದಶಕದವನ್ನು ಒಂದು ಕಾಲಕ್ಕೆ ಯಾರೂ ಮೂಸಿ ನೋಡುತ್ತಿರಲಿಲ್ಲ. ಈಗ ಅವಕ್ಕೂ ವಯಸ್ಸಾಗಿದೆ, ಆದ್ದರಿಂದ ಮರ್ಯಾದೆ ಬಂದಿದೆ. ಮನುಷ್ಯರ ವಿಷಯದಲ್ಲೂ ಹೀಗೇ ಆಗುವುದಿದ್ದರೆ ನಾನು ಗಿಟಾರಿನ ತಂಟೆಗೆ ಹೋಗುತ್ತಿದ್ದೆನೋ ಇಲ್ಲವೋ. ಅಂತೂ ಎಪ್ಪತ್ತರ ದಶಕದ ಜಾಜ್ ಬೇಸೊಂದನ್ನು ಹುಡುಕುವುದೆಂದು ನಿಶ್ಚಯಿಸಿದೆ.

ನಮ್ಮ ತಾತ ಎತ್ತು ಕೊಳ್ಳಲು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದರು. ಬಾಯಿ ಬಿಡಿಸಿ ಹಲ್ಲು ನೋಡುವರು, ಮೈಮೇಲಿನ ಸುಳಿ ಹುಡುಕುವರು, ನಡೆಸಿ ನೋಡುವರು. ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಹಳೆಯ ಬೇಸ್ ಕೊಳ್ಳುವ ಶಾಸ್ತ್ರವೂ ಬಹುಮಟ್ಟಿಗೆ ಇದೇ. ಬಡಗಿ ಹಲಗೆಯ ಅಂಚಿಗೆ ಕಣ್ಣಿಟ್ಟು ನೋಡುವಂತೆ ಕತ್ತಿನುದ್ದಕ್ಕೂ ನೋಡಬೇಕು. ತಿರುಚಿದ್ದರೆ ಕೈಮುಗಿದು ಎದ್ದುಬರಬೇಕು. ಬರಿಯ ಬಾಗಾದರೆ ಚಿಂತೆಯಿಲ್ಲ, ಒಳಗೊಂದು ಉಕ್ಕಿನ ಸರಳಿದೆ, ಅದರ ತಿರುಪನ್ನು ಬಿಗಿ ಮಾಡಬಹುದು. ಆದರೆ ಆ ತಿರುಪು ಇನ್ನೂ ಎಷ್ಟು ಸುತ್ತು ಉಳಿಸಿಕೊಂಡಿದೆ ಎಂದು ತಿಳಿದಿರಬೇಕು. ಇಪ್ಪತ್ತು ಮೆಟ್ಟಿಲನ್ನೂ ಒಂದೊಂದಾಗಿ ಒತ್ತಿ ಕೇಳಬೇಕು. ಗುಂಡಿಗಳನ್ನು ತಿರುಗಿಸಿದಾಗ ಕರಕರ ಎನ್ನಬಾರದು. ಆ ಗುಂಡಿಗಳಿರುವ ತಗಡನ್ನು ಬಿಚ್ಚಿದರೆ ಒಳಗಿನ ಬಿಡಿಭಾಗಗಳ ಬೆನ್ನ ಮೇಲೆ ಅಂಕಿಗಳುಂಟು. 137 ಎಂದು ಮೊದಲಾದರೆ ಅದು ತಯಾರಕನ ಗುರುತು. ಮುಂದಿನವು ವರ್ಷ, ವಾರ. ಹಲ್ಲು ಎಣಿಸಿದಷ್ಟೇ ಖಚಿತ. ಇವನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಗುಣ ಅರಿಯುವುದಕ್ಕಿಂತ ಹೆಚ್ಚಾಗಿ ದೋಷ ತೋರಿಸಿ ಬೆಲೆ ಇಳಿಸುವುದಕ್ಕೆ ಎಂದು ಒಪ್ಪಿಕೊಳ್ಳುತ್ತೇನೆ.

ಮೊದಲು ನೋಡಿದ್ದು ವೈಟ್‌ಫೀಲ್ಡಿನ ಹದಿನಾಲ್ಕನೆಯ ಮಹಡಿಯಲ್ಲಿ. ಅಮೆರಿಕದಿಂದ ಹಿಂದಿರುಗಿದ ಸಂಭಾವಿತರು. "ಕೈ ತೊಳೆದುಕೊಂಡು ಬನ್ನಿ ಸಾರ್" ಎಂದರು. ಊಟಕ್ಕೆ ಎಬ್ಬಿಸುತ್ತಾರೇನೋ ಎಂದುಕೊಂಡು ಹೋಗಿ ತೊಳೆದು ಬಂದೆ. ಪೆಟ್ಟಿಗೆ ತೆರೆದರು. 1978ರ ಜಾಜ್ ಬೇಸ್. ತಗಡಿನ ಕೆಳಗಿನ ಅಂಕಿಗಳನ್ನು ಅವರೇ ಫೋಟೋ ತೆಗೆದಿಟ್ಟಿದ್ದರು: 137, 78, 15. ಎಂದರೆ ಆ ವರ್ಷದ ಹದಿನೈದನೆಯ ವಾರ. ಒಂದು ತಿರುಪೂ ಬದಲಾಗಿಲ್ಲ, ಬಣ್ಣಕ್ಕೆ ಗೀರಿಲ್ಲ. ಕೊಂಡವನೊಬ್ಬ ಅದನ್ನು ನಾಲ್ಕು ದಶಕ ಮಂಚದ ಕೆಳಗಿಟ್ಟಿದ್ದನಂತೆ. ಅವನ ಮಕ್ಕಳಿಂದ ಇವರು ಕೊಂಡದ್ದಂತೆ, ಹೂಡಿಕೆಗೆಂದು. ನೋಟುಪುಸ್ತಕದಲ್ಲಿ ಬರೆಯುವಂಥದು ಏನೂ ಸಿಕ್ಕಲಿಲ್ಲ.

"ನುಡಿಸಿ ನೋಡಲೇ?" ಎಂದೆ.

ಅವರ ಮುಖ ಸಣ್ಣದಾಯಿತು. "ತಂತಿ ಸಹ ಮೊದಲಿನದೇ... ಸ್ವಲ್ಪ ಮೆಲ್ಲಗೆ. ನಿಮ್ಮ ಬೆಲ್ಟಿನ ಬಕಲ್ ತಗುಲದಂತೆ."

ಎರಡು ಸ್ವರ ನುಡಿಸಿದೆ. ಒದ್ದೆ ಹಗ್ಗ ಮೀಟಿದಂತಿತ್ತು. ತಂತಿಯ ಮೇಲೆ ದೋಷ ಹೊರಿಸಿ ಮತ್ತೆ ಮಲಗಿಸಿದೆವು. ಬೆಲೆ 3,20,000 ರೂಪಾಯಿ. ಅದು ಅನ್ಯಾಯದ ಬೆಲೆಯಲ್ಲ, ಪೇಟೆಯ ಬೆಲೆಯೇ.

ಮೆಟ್ರೋದಲ್ಲಿ ಕುಳಿತು ಬರುವಾಗ ತಾತನ ನೆನಪಾಯಿತು. ಅವರು ಎತ್ತಿನ ಹೆಗಲು ಸವರಿ ನೋಡುತ್ತಿದ್ದರು. ಅಲ್ಲಿ ಜಡ್ಡುಗಟ್ಟಿದ್ದರೆ ನೊಗಕ್ಕೆ ಪಳಗಿದ ಎತ್ತೆಂದು ಬೆಲೆ ಹೆಚ್ಚು. ಇಲ್ಲಿ ಜಡ್ಡಿದ್ದರೆ ಬೆಲೆ ಕಡಮೆ! ಬಣ್ಣ ಸವೆದರೆ ಕಳೆ, ಮೆಟ್ಟಿಲು ಸವೆದು ಹೊಸದು ಹಾಕಿಸಿದ್ದರೆ ಕಳೆ, ಗುಂಡಿ ಬದಲಾದರೆ ಕಳೆ. ನನ್ನ ಪಟ್ಟಿಯ ಪ್ರತಿಯೊಂದು ಪರೀಕ್ಷೆಯೂ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ಇದನ್ನು ಯಾರಾದರೂ ನುಡಿಸಿಬಿಟ್ಟಿದ್ದಾರೆಯೇ? ಯಾರೂ ನುಡಿಸದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಹಣ. ತಮಾಷೆಯೆಂದರೆ, ಇದೇ ಫೆಂಡರ್ ಕಂಪೆನಿಯವರು 1995ರಿಂದ ಹೊಸ ಗಿಟಾರನ್ನು ಕಾರ್ಖಾನೆಯಲ್ಲೇ ಉಜ್ಜಿ, ಬಣ್ಣ ಕೆದರಿ, ಲೋಹಕ್ಕೆ ಕಿಲುಬು ತರಿಸಿ ಮಾರುತ್ತಿದ್ದಾರೆ. ಅದಕ್ಕೆ ಬೆಲೆ ಹೆಚ್ಚು. ನುಡಿಸಿ ಸವೆದರೆ ನಷ್ಟ, ಸಂಬಳದವನು ಸವೆಸಿದರೆ ಲಾಭ.

ಈ ನಿಯಮಕ್ಕೆ ಒಂದು ಅಪವಾದವುಂಟು. ಜಾಕೋ ಪಾಸ್ಟೋರಿಯಸ್ ತನ್ನ 1962ರ ಜಾಜ್ ಬೇಸಿನ ಮೆಟ್ಟಿಲುಗಳನ್ನು ಕಿತ್ತುಹಾಕಿದ. ವಾದ್ಯ ಒಮ್ಮೆ ಚೂರುಚೂರಾಗಿ ಮತ್ತೆ ಅಂಟು ಕಂಡಿತು. 1986ರಲ್ಲಿ ನ್ಯೂಯಾರ್ಕಿನಲ್ಲಿ ಕಳುವಾಯಿತು. ಮಾರನೆಯ ವರ್ಷ ಆತನೂ ತೀರಿಕೊಂಡ. ಸುಮಾರು ಇಪ್ಪತ್ತು ವರ್ಷದ ಮೇಲೆ ಅದು ಮತ್ತೆ ಕಣ್ಣಿಗೆ ಬಿದ್ದಾಗ ಜಗತ್ತಿನ ಬೇಸ್ ವಾದಕರಿಗೆಲ್ಲ ಸಂಭ್ರಮ. ನನ್ನ ಪಟ್ಟಿಯ ಪ್ರಕಾರ ಅದು ಸೌದೆ. ಕೈ ಪ್ರಸಿದ್ಧವಾದರೆ ಗಾಯವೂ ಆಭರಣ. ಉಳಿದವರ ಕೈ ಬರಿಯ ಕೊಳೆ.

ನಮ್ಮ ಮನೆಯಿಂದಲೂ ಒಂದು ವಾದ್ಯ ಮಾರಿಹೋಗಿತ್ತು. ಅಮ್ಮನ ವೀಣೆ. 1994ರಲ್ಲಿ ದೊಡ್ಡ ಮನೆಯಿಂದ ಎರಡು ಕೋಣೆಯ ಮನೆಗೆ ಬಂದಾಗ ಅದಕ್ಕೆ ಜಾಗವಿಲ್ಲವೆಂದು ನಾನೇ ತೀರ್ಮಾನಿಸಿದೆ. ಜಾಗವಿತ್ತು, ಟೆಲಿವಿಷನ್ನಿನ ಮೇಜನ್ನು ಒಂದು ಅಡಿ ಸರಿಸಿದ್ದರೆ ಆಗುತ್ತಿತ್ತು. ಕೊಳ್ಳಲು ಬಂದವರು ಮೇಷ್ಟರೊಬ್ಬರು. ಅವರು ಹಲಸಿನ ಮರವೇ, ಕೊಡದಲ್ಲಿ ಬಿರುಕಿದೆಯೇ ಎಂದು ಕೇಳಲಿಲ್ಲ. ಮೊದಲು ಕೇಳಿದ್ದು, "ಯಾರು ನುಡಿಸ್ತಿದ್ರು?" ಅಮ್ಮ ಒಳಗಿನಿಂದ ಬಂದು ಬಾಗಿಲ ಬಳಿ ನಿಂತರು. ಮೇಷ್ಟರು ವೀಣೆಯನ್ನು ಅವರ ಕಡೆಗೇ ತಿರುಗಿಸಿ, "ಒಂದಿಷ್ಟು ನುಡಿಸಿ ತಾಯಿ, ಕೇಳ್ತೀನಿ" ಎಂದರು. ಅಮ್ಮ ಒಲ್ಲೆನೆಂದರು. "ಮೇಣ ಮೆತ್ತಗಾಗಿದೆ. ಬೇಸಿಗೆಯೊಳಗೆ ಮೇಳ ಕಟ್ಟಿಸಿಬಿಡಿ" ಎಂದಷ್ಟೇ ಹೇಳಿದರು. ಇಪ್ಪತ್ತನಾಲ್ಕು ಮೆಟ್ಟಿಲೂ ಮೇಣದ ಮೇಲೆ ಕೂತಿರುತ್ತವೆ. ಸಡಿಲವಾದರೆ ಸ್ವರ ಜಾರುತ್ತದೆ. ಆಮೇಲೆ ತಿಂಗಳುಗಟ್ಟಲೆ ನನಗೆ ಅದೇ ಮಾತು: "ಮೇಳ ಕಟ್ಟಿಸಿದರೋ ಇಲ್ಲವೋ, ಒಂದು ಸಲ ಕೇಳಿಕೊಂಡು ಬಾರಪ್ಪ." ಹೋಗುತ್ತೇನೆಂದೆ. ಹೋಗಲಿಲ್ಲ. ಮೇಷ್ಟರ ವಿಳಾಸ ಬರೆದ ಚೀಟಿ ಕಳೆದುಹೋಯಿತು. ಅಮ್ಮ 2003ರಲ್ಲಿ ತೀರಿಕೊಂಡರು.

ಎರಡನೆಯ ಬೇಸ್ ನೋಡಿದ್ದು ಕುಕ್ ಟೌನಿನ ಹಳೆಯ ಹೆಂಚಿನ ಮನೆಯಲ್ಲಿ. ಮನೆಯ ಯಜಮಾನರಿಗೆ ಎಪ್ಪತ್ತೆಂಟು. ಇಂಗ್ಲಿಷು, ತಮಿಳು, ಕಂಟೋನ್ಮೆಂಟಿನ ಕನ್ನಡ ಮೂರನ್ನೂ ಬೆರೆಸಿ ಮಾತಾಡುತ್ತಿದ್ದರು. ಹಡಗಿನಲ್ಲಿ ಕೆಲಸದಲ್ಲಿದ್ದ ತಮ್ಮ ಹೊರದೇಶದಿಂದ ತಂದುಕೊಟ್ಟ 1973ರ ಜಾಜ್ ಬೇಸ್. ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಯ ಹೋಟೆಲುಗಳಲ್ಲಿ ಶನಿವಾರದ ರಾತ್ರಿಗಳು, ಮದುವೆಗಳು, ಕ್ರಿಸ್‌ಮಸ್ ಕುಣಿತಗಳು, ಎಲ್ಲ ಅದರಲ್ಲೇ. ಈಗ ಎಡಗೈಯ ಎರಡು ಬೆರಳು ಮಡಚುವುದಿಲ್ಲ.

ನೋಟುಪುಸ್ತಕ ತುಂಬಿಹೋಯಿತು. ಬಣ್ಣ ಎರಡು ಸಲ ಬಳಿದದ್ದು. ಮೆಟ್ಟಿಲು ಬದಲಾಗಿವೆ. ಗುಂಡಿಗಳಲ್ಲೊಂದು ರೇಡಿಯೋದ್ದು. ಒಂದು ಪಿಕಪ್ಪಿನ ತಂತಿ ಸುಟ್ಟು ಇಲ್ಲಿಯೇ ಮತ್ತೆ ಸುತ್ತಿಸಿದ್ದು. ತೂಕವೋ, ನಾಲ್ಕೂವರೆ ಕಿಲೋ. ನನ್ನ ಹೆಗಲಿಗೆ ಆಗಲೇ ಅರಿವಾಗತೊಡಗಿತ್ತು. ಹನ್ನೊಂದು ದೋಷಗಳು. ಕತ್ತಿನ ಮೇಲುಹಲಗೆ ಮಾತ್ರ ಬೀಟೆ, ಕಪ್ಪಗೆ ಎಣ್ಣೆ ಕುಡಿದಂತಿತ್ತು. 1960ರ ದಶಕದಲ್ಲೇ ಫೆಂಡರಿನವರು ಬ್ರೆಜಿಲಿನ ಬೀಟೆ ಬಿಟ್ಟು ಭಾರತದ ಬೀಟೆಗೆ ಬಂದಿದ್ದರು. ನಮ್ಮ ಮಲೆನಾಡಿನದೋ ಕೇರಳದ್ದೋ ಮರ, ಕ್ಯಾಲಿಫೋರ್ನಿಯಕ್ಕೆ ಹೋಗಿ ಕುಕ್ ಟೌನಿಗೆ ಮರಳಿತ್ತು.

"ನುಡಿಸಿ" ಎಂದರು, ನಾನು ಕೇಳುವ ಮೊದಲೇ.

ನುಡಿಸಿದೆ, ಕೆಟ್ಟದಾಗಿಯೇ. ನೆಲಕ್ಕೆ ಹಾಸಿದ ಕೆಂಪು ಗಾರೆ ಗುಂಯ್ಗುಟ್ಟಿತು. ಕೊನೆಯ ತಂತಿಯ ಐದಾರನೆಯ ಮೆಟ್ಟಿಲ ಬಳಿ ಸ್ವರ ಥಟ್ಟನೆ ಸತ್ತಿತು. ಹನ್ನೆರಡನೆಯ ದೋಷ!

"ಅಲ್ಲಿ ಸಾಯುತ್ತೆ" ಎಂದು ಅವರೇ ನಕ್ಕರು. "ಇದರ ಜಾತಿಗೇ ಅದು ಇದೆ. ಆ ನೋಟಿಗೆ ಕತ್ತಿನ ಮರವೂ ಅಲುಗುತ್ತೆ, ತಂತಿಯ ಶಕ್ತಿ ತಿಂದುಬಿಡುತ್ತೆ. ನಾನು ಆ ನೋಟನ್ನು ಪಕ್ಕದ ತಂತಿಯಲ್ಲಿ ಬಾರಿಸ್ತಿದ್ದೆ. ನೀವು ಹೆಬ್ಬೆರಳು ಎಲ್ಲೆಲ್ಲೋ ಇಡ್ತೀರಿ. ಇಲ್ಲಿಡಿ."

ಪಿಕಪ್ಪಿನ ಅಂಚಿನಲ್ಲಿ ಒಂದು ತಗ್ಗು. ನಲವತ್ತು ವರ್ಷ ಅವರ ಬಲಗೈ ಹೆಬ್ಬೆರಳು ಊರಿದ ಜಾಗ. ಪ್ಲಾಸ್ಟಿಕ್ಕು ಬಚ್ಚಲ ಕಲ್ಲಿನಂತೆ ನುಣುಪಾಗಿತ್ತು. ನನ್ನ ಹೆಬ್ಬೆರಳು ಅದರಲ್ಲಿ ಹೋಗಿ ಕುಳಿತಿತು. ಕುಳಿತ ಮೇಲೆ ಕೈ ತನ್ನಷ್ಟಕ್ಕೆ ನೆಟ್ಟಗಾಯಿತು.

ಅವರು ಹೇಳಿದ್ದು 1,40,000. ನೋಟುಪುಸ್ತಕವನ್ನು ಜೇಬಿನಿಂದ ತೆಗೆಯಲು ಮನಸ್ಸಾಗಲಿಲ್ಲ. ತಾತ ಇದ್ದಿದ್ದರೆ ನನ್ನನ್ನು ಜಾತ್ರೆಯಲ್ಲೇ ಬಿಟ್ಟುಬರುತ್ತಿದ್ದರು.

ಮನೆಗೆ ತಂದಾಗ ಹೆಂಡತಿ ಮುಟ್ಟಿ ನೋಡಿ, "ಇಷ್ಟೊಂದು ಸವೆದಿದೆಯಲ್ಲ" ಎಂದಳು. ಟೆಲಿವಿಷನ್ನಿನ ಮೇಜನ್ನು ಒಂದು ಅಡಿ ಸರಿಸಿದಳು.

ಈಗ ಪ್ರತಿ ಭಾನುವಾರ, ಇಗರ್ಜಿಯಿಂದ ಬಂದ ಮೇಲೆ, ಅವರು ಫೋನು ಮಾಡುತ್ತಾರೆ. ಹೊರಗೋಡೆಗೆ ಒರಗಿಸಿಲ್ಲ ತಾನೆ? ಮಳೆ ಹಿಡಿದಿದೆ, ಕತ್ತು ಬಾಗಿರಬಹುದು, ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ನಾನು ಫೋನನ್ನು ಮೇಜಿನ ಮೇಲಿಟ್ಟು ಒಂದೊಂದೇ ತಂತಿ ಮೀಟಿ ಕೇಳಿಸುತ್ತೇನೆ. ಹೋದ ವಾರ ಮೂರನೆಯ ತಂತಿ ಸ್ವಲ್ಪ ಇಳಿದಿದೆಯೆಂದರು. ಇಳಿದಿತ್ತು.